ಎರಡನೇ ವರ್ಷಕ್ಕೆ ಕಾಲೇಜು ಬದಲಾಯಿಸಬಹುದಾ?

ಟೇಕಲ್‌ನಿಂದ ರೈಲು ಹತ್ತಿ ಬೆಂಗಳೂರಿಗೆ ಓದೋಕೆ ಬರೋ ನಮ್ಮಲ್ಲಿ ಪ್ರತಿ ವರ್ಷ ಇದೇ ಮಾತು: ಫಸ್ಟ್ ಇಯರ್‌ನಲ್ಲಿ ಒಳ್ಳೆ ಸಿಜಿಪಿಎ ತೆಗೆದರೆ ದೊಡ್ಡ ಕಾಲೇಜಿಗೆ ಹೋಗಬಹುದಾ?

ವಿಟಿಯು ನಿಯಮದಲ್ಲಿ ಮೂರನೇ ಸೆಮಿಸ್ಟರ್‌ಗೆ ಕಾಲೇಜು ಬದಲಾವಣೆಗೆ ಅವಕಾಶವಿದೆ. ಆದರೆ ಅಲ್ಲಿ ಸೀಟು ಖಾಲಿ ಇರಬೇಕು, ಎರಡೂ ಕಾಲೇಜು ಒಪ್ಪಬೇಕು. ಬೇಡಿಕೆಯ ಕಾಲೇಜಲ್ಲಿ ಸೀಟು ಬಿಡೋರೇ ಅಪರೂಪ. ನಮ್ಮ ಅಂಕ ಎಷ್ಟೇ ಇರಲಿ, ಅದರಿಂದ ಸೀಟು ಖಾಲಿಯಾಗೋದಿಲ್ಲ.

ಬೇರೆ ಕಾಲೇಜಿನಿಂದ ಐಐಟಿಗೆ ವರ್ಗಾವಣೆಯಂತೂ ಇಲ್ಲ. ಜೆಇಇ ಅಡ್ವಾನ್ಸ್ಡ್ ಬರೆಯಬೇಕು, ಅದೂ ಸತತ 2 ವರ್ಷದಲ್ಲಿ 2 ಸಲ ಮಾತ್ರ.

ಹಾಗಾಗಿ ಹೊಸ ಸೀಟು ಕೈಗೆ ಬರೋ ತನಕ ಇರೋ ಸೀಟು ಬಿಡಬೇಡಿ. ದುಡ್ಡು ಕೇಳೋ ಏಜೆಂಟರನ್ನ ನಂಬಬೇಡಿ. ಗೇಟ್ ಪರೀಕ್ಷೆಯನ್ನ ಮೂರನೇ ವರ್ಷದಿಂದಲೇ ಎಷ್ಟು ಸಲ ಬೇಕಾದರೂ ಬರೆಯಬಹುದು. ಸ್ಕೋರು 3 ವರ್ಷ ನಡೆಯುತ್ತೆ. ಐಐಎಸ್‌ಸಿ, ಐಐಟಿಗಳ ಎಂ.ಟೆಕ್‌ಗೆ ಅದೇ ನಮಗಿರೋ ದೊಡ್ಡ ಬಾಗಿಲು.