ಮುಖ್ಯ ಹಾಯಿಯ ಹೊದಿಕೆ

ಮುಖ್ಯ ಹಾಯಿಯ ಹೊದಿಕೆಯು ಹಾಯಿದೋಣಿಯು ಸಂಚರಿಸದೆ ನಿಂತಿರುವಾಗ ಅದರ ಪ್ರಧಾನ ಹಾಯಿಯನ್ನು ಬಿಸಿಲು, ಮಳೆ ಮತ್ತು ಧೂಳಿನಿಂದ ಕಾಪಾಡುವ ಬಟ್ಟೆಯ ಕವಚವಾಗಿದೆ. ಹಾಯಿಯನ್ನು ಇಳಿಸಿ ಮಡಿಸುವ ಅಥವಾ ಸುತ್ತಿಡುವ ವಿಧಾನಕ್ಕೂ ಹೊದಿಕೆಗೂ ನಿಕಟ ಸಂಬಂಧವಿರುವುದರಿಂದ ಇವೆರಡನ್ನೂ ಒಟ್ಟಾಗಿಯೇ ಆಯ್ಕೆ ಮಾಡಲಾಗುತ್ತದೆ. ಮುಖ್ಯ ಹಾಯಿಯು ಕೂವೆಮರದ ಹಿಂಬದಿಗೆ ಲಂಬವಾಗಿಯೂ, ಬೂಮ್ ಎಂಬ ಅಡ್ಡದಂಡದ ಮೇಲೆ ಅಡ್ಡಲಾಗಿಯೂ ಹರಡಿಕೊಳ್ಳುತ್ತದೆ. ಇಳಿಸಿದಾಗ ಅದು ಸಾಮಾನ್ಯವಾಗಿ ಈ ಅಡ್ಡದಂಡದ ಮೇಲೆಯೇ ಶೇಖರಗೊಳ್ಳುತ್ತದೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಹಾಯಿಗಳನ್ನು ಹತ್ತಿ ಅಥವಾ ಅಗಸೆನಾರಿನ ಬಟ್ಟೆಯಿಂದ ಹೊಲಿಯಲಾಗುತ್ತಿತ್ತು. ತೇವದಲ್ಲಿ ಮಡಿಸಿಟ್ಟರೆ ಈ ಬಟ್ಟೆಗಳಿಗೆ ಬೂಷ್ಟು ಹಿಡಿದು, ನೂಲು ಕೊಳೆಯುತ್ತಿತ್ತು. ಆದ್ದರಿಂದ ಅಂದಿನ ಹೊದಿಕೆಯ ಮುಖ್ಯ ಉದ್ದೇಶ ಮಳೆನೀರನ್ನು ತಡೆಯುವುದಾಗಿತ್ತು. 1950ರ ದಶಕದಿಂದ ಡೇಕ್ರಾನ್ ಮೊದಲಾದ ಪಾಲಿಯೆಸ್ಟರ್ ಬಟ್ಟೆಗಳು ಬಳಕೆಗೆ ಬಂದವು. ಇವು ಕೊಳೆಯುವುದಿಲ್ಲ, ಆದರೆ ಸೂರ್ಯನ ಅತಿನೇರಳೆ ಕಿರಣಗಳು ಇವುಗಳ ಎಳೆಗಳನ್ನು ಕ್ರಮೇಣ ದುರ್ಬಲಗೊಳಿಸುತ್ತವೆ. ಹೀಗಾಗಿ ಇಂದು ಹೊದಿಕೆಯ ಮೊದಲ ಕೆಲಸ ಬಿಸಿಲನ್ನು ತಡೆಯುವುದು.

ಬಿಸಿಲಿನ ಹಾನಿಯನ್ನು ಸರಿಪಡಿಸಲು ಸಾಧ್ಯವಿಲ್ಲ. ಅದು ಬಟ್ಟೆಗಿಂತ ಮೊದಲು ಹೊಲಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಹೊಲಿಗೆಯ ದಾರವು ಬಟ್ಟೆಯ ಮೇಲ್ಮೈಯಿಂದ ಉಬ್ಬಿಕೊಂಡಿರುತ್ತದೆ. ಉಗುರಿನಿಂದ ಕೆರೆದಾಗ ದಾರ ತುಂಡಾದರೆ ಆ ಹಾಯಿಯನ್ನು ಮರುಹೊಲಿಗೆ ಮಾಡಿಸದೆ ಬಳಸುವುದು ಅಪಾಯಕರ. ಜೋರುಗಾಳಿಯಲ್ಲಿ ಅದು ಹರಿದರೆ ದೋಣಿಯು ತನ್ನ ಚಾಲಕಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಶೇಖರಣಾ ವಿಧಾನಗಳು

ಸಾಮಾನ್ಯ ಹೊದಿಕೆ: ಹಾಯಿಯನ್ನು ಅಡ್ಡದಂಡದ ಎರಡೂ ಬದಿಗೆ ಪದರಪದರವಾಗಿ ಮಡಿಸಿ, ಪಟ್ಟಿಗಳಿಂದ ಬಿಗಿದು, ಅದರ ಮೇಲೆ ಕವಚವನ್ನು ಹೊದಿಸಿ ಕೆಳಗಡೆ ಕೊಕ್ಕೆ ಅಥವಾ ಗುಂಡಿಗಳಿಂದ ಬಂಧಿಸಲಾಗುತ್ತದೆ. ಇದು ಅಗ್ಗವಾದುದು ಮತ್ತು ಪೂರ್ಣ ರಕ್ಷಣೆ ನೀಡುವಂಥದು. ಕೆಳಭಾಗದಲ್ಲಿ ಉಳಿಯುವ ಸಂದಿಯಿಂದ ಗಾಳಿಯಾಡುತ್ತದೆ, ನೀರು ಬಸಿಯುತ್ತದೆ. ಆದರೆ ಪ್ರತಿ ಬಾರಿಯೂ ಶ್ರಮಪಟ್ಟು ಹೊದಿಸಬೇಕಾಗುತ್ತದೆ.

ಲೇಜಿ ಜ್ಯಾಕ್: ಕೂವೆಮರದಿಂದ ಅಡ್ಡದಂಡದ ಎರಡೂ ಬದಿಗೆ ಇಳಿಬಿಟ್ಟ ಹಗ್ಗಗಳ ಜೋಡಣೆ. ಇಳಿಯುವ ಹಾಯಿಯು ಅತ್ತಿತ್ತ ಚೆಲ್ಲದಂತೆ ಇದು ತೊಟ್ಟಿಲಿನ ಹಾಗೆ ಹಿಡಿದುಕೊಳ್ಳುತ್ತದೆ. ಹಾಯಿಯ ಆಕಾರವನ್ನು ಕಾಯ್ದುಕೊಳ್ಳಲು ಅದರೊಳಗೆ ತೂರಿಸಿದ ಪಟ್ಟಿಗಳು ಏರಿಸುವಾಗ ಈ ಹಗ್ಗಗಳಿಗೆ ಸಿಕ್ಕಿಕೊಳ್ಳುವುದುಂಟು. ಆದ್ದರಿಂದ ಏರಿಸುವ ಮೊದಲು ಹಗ್ಗಗಳನ್ನು ಕೂವೆಮರದ ಕಡೆಗೆ ಎಳೆದು ಕಟ್ಟುವುದು, ದೋಣಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು ರೂಢಿ.

ಸ್ಟ್ಯಾಕ್ ಪ್ಯಾಕ್: ಅಡ್ಡದಂಡಕ್ಕೆ ಕಾಯಂ ಆಗಿ ಜೋಡಿಸಿದ, ಲೇಜಿ ಜ್ಯಾಕ್ ಹಗ್ಗಗಳಿಂದ ಎತ್ತಿಹಿಡಿದ ಉದ್ದನೆಯ ಚೀಲ. ಹಾಯಿಯು ನೇರವಾಗಿ ಇದರೊಳಗೆ ಇಳಿಯುತ್ತದೆ. ಬಳಿಕ ಮೇಲಿನ ಜಿಪ್ ಎಳೆದರೆ ಸಾಕು. ಒಬ್ಬಿಬ್ಬರೇ ದೋಣಿ ನಡೆಸುವವರಿಗೆ ಇದು ಅನುಕೂಲಕರ. ಆದರೆ ಚೀಲವು ಸಂಚಾರಕಾಲದಲ್ಲಿಯೂ ಬಿಸಿಲಿನಲ್ಲಿಯೇ ಇರುವುದರಿಂದ ಬೇಗ ಸವೆಯುತ್ತದೆ. ಕೂವೆಮರದ ಬಳಿಯ ಭಾಗವು ತೆರೆದುಕೊಂಡಿದ್ದರೆ ಅದಕ್ಕೆ ಪ್ರತ್ಯೇಕ ಮುಚ್ಚಳವೂ ಬೇಕಾಗುತ್ತದೆ.

ಸುತ್ತುವ ಏರ್ಪಾಟುಗಳು: ಇವುಗಳಲ್ಲಿ ಹಾಯಿಯು ಅಡ್ಡದಂಡದ ಅಥವಾ ಕೂವೆಮರದ ಒಳಗಿನ ಸಲಾಕೆಗೆ ಸುತ್ತಿಕೊಳ್ಳುತ್ತದೆ. ಕೂವೆಮರದೊಳಗೆ ಸುತ್ತುವ ಹಾಯಿಯಲ್ಲಿ ಅಡ್ಡಪಟ್ಟಿಗಳಿಗೆ ಅವಕಾಶವಿಲ್ಲದ ಕಾರಣ ಅದರ ವಿಸ್ತೀರ್ಣವೂ ಆಕಾರದ ಸೊಗಸೂ ತಗ್ಗುತ್ತವೆ. ಹಳತಾಗಿ ಜೋಲುಬಿದ್ದ ಹಾಯಿಯು ಅರ್ಧ ಸುತ್ತಿದಲ್ಲಿಯೇ ಸಿಕ್ಕಿಕೊಂಡರೆ ಅದನ್ನು ಇಳಿಸುವುದೂ ಕಷ್ಟ. ಅಡ್ಡದಂಡದೊಳಗೆ ಸುತ್ತುವ ಏರ್ಪಾಟಿನಲ್ಲಿ ಅಡ್ಡಪಟ್ಟಿಗಳನ್ನು ಉಳಿಸಿಕೊಳ್ಳಬಹುದು; ಆದರೆ ದಂಡದ ಕೋನ ನಿಖರವಾಗಿರಬೇಕು, ವೆಚ್ಚವೂ ಅಧಿಕ.

ಬಟ್ಟೆ ಮತ್ತು ಅಳತೆ

ನೂಲಿನ ಹಂತದಲ್ಲಿಯೇ ಬಣ್ಣ ಬೆರೆಸಿದ ಅಕ್ರಿಲಿಕ್ ಬಟ್ಟೆಯು ಹೊದಿಕೆಗೆ ಹೆಚ್ಚು ಬಳಕೆಯಲ್ಲಿದೆ. ಇದು ಬಿಸಿಲನ್ನು ತಡೆದುಕೊಳ್ಳುತ್ತದೆ ಮತ್ತು ತೇವಾಂಶವು ಹೊರಹೋಗಲು ಬಿಡುತ್ತದೆ. ಪ್ಲಾಸ್ಟಿಕ್ ಟಾರ್ಪಾಲಿನ್ ಮಳೆಯನ್ನು ತಡೆದರೂ ಒಳಗಿನ ತೇವವನ್ನು ಹಿಡಿದಿಡುತ್ತದೆ. ಅರಸೀಕೆರೆ ಸೀಮೆಯ ರೈತರು ಹಸಿಯಾದ ರಾಗಿಹುಲ್ಲನ್ನು ಟಾರ್ಪಾಲಿನ್‌ನಿಂದ ಬಿಗಿಯಾಗಿ ಮುಚ್ಚಿದರೆ ಅದು ಮುಗ್ಗಲು ಹಿಡಿಯುವುದನ್ನು ಬಲ್ಲರು. ಹಾಯಿಯ ವಿಷಯದಲ್ಲಿಯೂ ಅದೇ ಕಾರಣ ಅನ್ವಯಿಸುತ್ತದೆ. ಪಾಲಿಯೆಸ್ಟರ್ ಹಾಯಿ ಕೊಳೆಯದಿದ್ದರೂ ಅದರ ಮೇಲೆ ಬೂಷ್ಟಿನ ಕಲೆಗಳು ಉಳಿಯುತ್ತವೆ.

ಅಳತೆಯನ್ನು ಬರಿಯ ಅಡ್ಡದಂಡದ ಮೇಲಲ್ಲ, ಹಾಯಿಯನ್ನು ಮಡಿಸಿಟ್ಟ ಸ್ಥಿತಿಯಲ್ಲಿ ತೆಗೆದುಕೊಳ್ಳಬೇಕು. ಮಡಿಕೆಯ ಉದ್ದ, ಕೂವೆಮರದ ಬಳಿ ಅದರ ಎತ್ತರ, ಹಾಗೂ ಮುಂದೆ, ನಡುವೆ ಮತ್ತು ಹಿಂದೆ ಅದರ ಸುತ್ತಳತೆ ಅಗತ್ಯ. ಕೂವೆಮರದ ಬಳಿ ಮಡಿಕೆಯು ಅತಿ ಎತ್ತರವಾಗಿರುವುದರಿಂದ ಅಲ್ಲಿ ತಪ್ಪಿದರೆ ಹೊದಿಕೆ ಕೂಡಿಕೊಳ್ಳುವುದಿಲ್ಲ.

ಕರ್ನಾಟಕದ ಸಂದರ್ಭದಲ್ಲಿ

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಈ ದೀರ್ಘ ಅವಧಿಗೆ ಯಾವ ಹೊದಿಕೆಯೂ ಸಾಲದು. ಹಾಯಿಯನ್ನು ಪೂರ್ತಿ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ ಒಳಾಂಗಣದಲ್ಲಿ ಇಡುವುದೇ ಸರಿಯಾದ ಕ್ರಮ. ಉಪ್ಪಿನ ಕಣಗಳು ಗಾಳಿಯ ತೇವವನ್ನು ಹೀರುವುದರಿಂದ ತೊಳೆಯದ ಹಾಯಿಯು ಎಂದೂ ಪೂರ್ಣವಾಗಿ ಒಣಗುವುದಿಲ್ಲ.

ಒಳನಾಡಿನಲ್ಲಿ ಬೆಂಗಳೂರಿನ ಹಲಸೂರು ಕೆರೆ ಮತ್ತು ಕೃಷ್ಣರಾಜಸಾಗರದಲ್ಲಿ ಹಾಯಿದೋಣಿ ಕ್ರೀಡೆ ನಡೆಯುತ್ತದೆ. ಇಲ್ಲಿನ ಆಪ್ಟಿಮಿಸ್ಟ್, ಲೇಸರ್ ಮೊದಲಾದ ಸಣ್ಣ ದೋಣಿಗಳ ಹಾಯಿಗಳನ್ನು ಆಟದ ನಂತರ ಕಳಚಿ, ಸುರುಳಿ ಸುತ್ತಿ ಚೀಲದಲ್ಲಿಡಬಹುದು. ಅಡ್ಡದಂಡದ ಹೊದಿಕೆ ಬೇಕಿಲ್ಲ. ಭಾರತೀಯ ಭೂಸೇನೆಯ ಎಂಜಿನಿಯರುಗಳ ದಳದವರು 1985–87ರಲ್ಲಿ ಭೂಪ್ರದಕ್ಷಿಣೆ ಮಾಡಿದ ‘ತೃಷ್ಣಾ’ದಂತಹ ದೊಡ್ಡ ದೋಣಿಗಳಲ್ಲಿ ಹಾಗೆ ದಿನವೂ ಕಳಚುವುದು ಕಾರ್ಯಸಾಧ್ಯವಲ್ಲ.

ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಎತ್ತರಕ್ಕೆ ಅತಿನೇರಳೆ ಕಿರಣಗಳ ತೀವ್ರತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಬೆಂಗಳೂರು, ಹಾಗೆಯೇ ಯಗಚಿ ಜಲಾಶಯವಿರುವ ಬೇಲೂರು, ಸುಮಾರು 900 ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿವೆ. ಇಂತಹ ಕಡೆಗಳಲ್ಲಿ ಹವೆ ತಂಪಾಗಿದ್ದರೂ ಬಿಸಿಲಿನ ಹಾನಿ ಕಡಿಮೆಯೆಂದು ಭಾವಿಸಲಾಗದು.

ಆಯ್ಕೆಯ ಮಾನದಂಡಗಳು

ದೋಣಿಯ ಗಾತ್ರ, ನಾವಿಕರ ಸಂಖ್ಯೆ, ವೆಚ್ಚ ಮತ್ತು ಬಳಕೆಯ ಅವಧಿ ಆಯ್ಕೆಯನ್ನು ನಿರ್ಧರಿಸುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದುದು ಏರ್ಪಾಟಿನ ಸುಲಭತೆ. ಉತ್ತಮ ಬಟ್ಟೆಯ ಹೊದಿಕೆಯಾದರೂ ಆಯಾಸಗೊಂಡ ನಾವಿಕನು ಅದನ್ನು ಹೊದಿಸದೆ ಬಿಟ್ಟರೆ ನಿಷ್ಪ್ರಯೋಜಕ. ಆದ್ದರಿಂದ ಪ್ರತಿ ಸಂಚಾರದ ನಂತರವೂ ತಪ್ಪದೆ ಬಳಸಲು ಸಾಧ್ಯವಾಗುವ ವಿಧಾನವನ್ನೇ ಆರಿಸುವುದು ಯುಕ್ತ. ಇಬ್ಬರು ಸುಲಭವಾಗಿ ನಿಭಾಯಿಸಬಹುದಾದ ಚಿಕ್ಕ ಹಾಯಿಗೆ ಸಾಮಾನ್ಯ ಹೊದಿಕೆ ಸಾಕು; ಹಾಯಿ ದೊಡ್ಡದಾದಂತೆ ಅಥವಾ ಜನ ಕಡಿಮೆಯಾದಂತೆ ಸ್ಟ್ಯಾಕ್ ಪ್ಯಾಕ್ ಹೆಚ್ಚು ಉಪಯುಕ್ತ. ಸುತ್ತುವ ಏರ್ಪಾಟನ್ನು ಅಳವಡಿಸುವವರು ಅದು ಕೆಟ್ಟಾಗ ಹಾಯಿಯನ್ನು ಹೇಗೆ ಇಳಿಸಬೇಕೆಂಬುದನ್ನು ಮೊದಲೇ ಅರಿತಿರಬೇಕು.