ನಿಮಗಿದು ಗೊತ್ತೆ? ವಯಸ್ಸಾದಂತೆ ಚಪ್ಪಟೆಯಾಗುವ ಸೊಂಟ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೊರಟ ಹಿರಿಯರನ್ನು ಪಕ್ಕದಿಂದ ಗಮನಿಸಿ. ಕೆಲವರ ಮೈ ಮುಂದಕ್ಕೆ ವಾಲಿರುತ್ತದೆ, ಮಂಡಿ ತುಸು ಮಡಿಚಿರುತ್ತದೆ. ತೊಂದರೆ ಮಂಡಿಯಲ್ಲೇ ಇರಬೇಕೆಂದಿಲ್ಲ. ಸೊಂಟದ 5 ಕಶೇರುಗಳು ಸಹಜವಾಗಿ ಒಳಬಾಗಿರುತ್ತವೆ. ಆ ಬಾಗಿನ ಸುಮಾರು ಮೂರನೇ ಎರಡು ಪಾಲು ತೀರಾ ಕೆಳಗಿನ ಎರಡು ಹಂತಗಳಲ್ಲೇ ಇರುತ್ತದೆ. ವಯಸ್ಸಾದಂತೆ ಅಲ್ಲಿನ ಡಿಸ್ಕ್ ನೀರಿನಂಶ ಕಳೆದುಕೊಂಡು ತೆಳುವಾಗುತ್ತದೆ, ಬೆನ್ನಿನ ಸ್ನಾಯು ಸೊರಗುತ್ತದೆ, ಬಾಗು ಕಡಿಮೆಯಾಗುತ್ತದೆ. ಬೀಳದಿರಲೆಂದು ದೇಹ ಮೊದಲು ಸೊಂಟದ ಕೆಳಗಿನ ಶ್ರೋಣಿ ಮೂಳೆಯನ್ನು ಹಿಂದಕ್ಕೆ ಓರೆ ಮಾಡುತ್ತದೆ. ಸಾಲದಿದ್ದರೆ ಮಂಡಿ ಮಡಿಚುತ್ತದೆ. ಹಾಗೆಂದು ಎಕ್ಸ್‌ರೇ ನೋಡಿ ಗಾಬರಿ ಬೇಡ: ಸೊಂಟ ಚಪ್ಪಟೆಯಾಗಿಯೂ ನೋವಿಲ್ಲದವರು ಬೇಕಾದಷ್ಟಿದ್ದಾರೆ. ಆದರೆ ಬೆನ್ನುನೋವಿನ ಜೊತೆ ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಊರವರು ವಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆಗೆ ಅಂದೇ ಹೋಗಿ.