ನಿಲ್ಲದ ಲೈನು, ನಿಂತ ಕಾರ್ಖಾನೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ (ಜಿಎಂ) ಕಾರ್ಖಾನೆಯಲ್ಲಿ ಒಂದೇ ಕಟ್ಟಪ್ಪಣೆ: ಏನೇ ಆಗಲಿ, ಕಾರು ಜೋಡಿಸುವ ಲೈನು ನಿಲ್ಲಕೂಡದು. ಬೋಲ್ಟು ತಪ್ಪಿರಲಿ, ಬಾಗಿಲು ಸರಿಯಾಗಿ ಕೂರದಿರಲಿ, ಗಾಡಿ ಮುಂದಕ್ಕೆ ಹೋಗಲೇಬೇಕು. ಕೆಟ್ಟ ಗಾಡಿಗಳು ಹೊರಗಿನ ಅಂಗಳದಲ್ಲಿ ಸಾಲುಗಟ್ಟುತ್ತಿದ್ದವು. ರಿಪೇರಿ ಆಮೇಲಿನ ಮಾತು. ಕೆಲಸಗಾರರೂ ಸಾಮಾನ್ಯರಲ್ಲ. ಡ್ಯೂಟಿಯಲ್ಲೇ ಕುಡಿಯುವವರಿದ್ದರು. ಗಿರಾಕಿ ಕಾರು ಓಡಿಸುವಾಗ ಗಡಗಡ ಅನ್ನಲಿ ಎಂದು ಬಾಗಿಲಿನೊಳಗೆ ಖಾಲಿ ಬಾಟಲಿ ಇಟ್ಟು ಮುಚ್ಚುವವರಿದ್ದರು. ಐವರಲ್ಲಿ ಒಬ್ಬ ಗೈರಾಗುವ ದಿನಗಳು ಬೇಕಾದಷ್ಟು. 1982ರಲ್ಲಿ ಕಂಪನಿ ಬೀಗ ಜಡಿಯಿತು.

ಎರಡೇ ವರ್ಷಕ್ಕೆ, ಜಿಎಂ ಮತ್ತು ಟೊಯೊಟಾದ ಜಂಟಿ ಕಂಪನಿ ‘ನುಮ್ಮಿ’ ಅದೇ ಕಟ್ಟಡದಲ್ಲಿ ಶುರುವಾಯಿತು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳಬರೇ, ತಂಟೆಕೋರರೆಂದು ಹೆಸರಾದ ಮುಖಂಡರೂ ಸೇರಿ. ಯೂನಿಯನ್ನೂ ಅದೇ ಯುನೈಟೆಡ್ ಆಟೊ ವರ್ಕರ್ಸ್. ನೂರಾರು ಜನರನ್ನು ಜಪಾನಿನ ತಕಾವೊಕಾ ಕಾರ್ಖಾನೆಗೆ ಕಳಿಸಿ ಕೆಲಸ ಕಲಿಸಿದರು. ಲೈನಿನುದ್ದಕ್ಕೂ ಕೈಗೆಟುಕುವಂತೆ ಒಂದು ಹಗ್ಗ. ತೊಡಕು ಕಂಡರೆ ಯಾರು ಬೇಕಾದರೂ ಎಳೆಯಬಹುದು. ಟೀಮ್ ಲೀಡರ್ ಓಡಿ ಬರುತ್ತಾನೆ, ಕೂಡಲೇ ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಬೈಗುಳವಿಲ್ಲ. ಗೈರುಹಾಜರಿ ಶೇ 2ರ ಆಸುಪಾಸಿಗೆ ಇಳಿಯಿತು. ಬೇಗನೇ ಇಲ್ಲಿನ ಕಾರುಗಳು ಗುಣಮಟ್ಟದಲ್ಲಿ ಜಪಾನಿನವಕ್ಕೆ ಸರಿಸಾಟಿಯಾದವು.

ಅಮೆರಿಕದ ಕಾರು ಉದ್ಯಮವನ್ನು ಯೂನಿಯನ್ನೇ ಮುಳುಗಿಸಿತು ಎನ್ನುವವರಿಗೆ ಫ್ರೀಮಾಂಟ್ ಗಂಟಲಲ್ಲಿ ಸಿಕ್ಕ ಮುಳ್ಳು. ಹಾಗೆಂದು ಯೂನಿಯನ್ ಕೈ ತೊಳೆದುಕೊಳ್ಳುವಂತೆಯೂ ಇಲ್ಲ.

ಯೂನಿಯನ್ನಿನ ತಪ್ಪಿನ ಬೇರು ಹಳೆಯದು. 1945ರಲ್ಲಿ ಯೂನಿಯನ್ನಿನ ವಾಲ್ಟರ್ ರೂಥರ್ ಜಿಎಂ ಮುಂದೆ ವಿಚಿತ್ರ ಬೇಡಿಕೆ ಇಟ್ಟರು: ಕೂಲಿ ಶೇ 30 ಏರಿಸಿ, ಕಾರಿನ ಬೆಲೆ ಏರಿಸಬೇಡಿ, ಆಗದೆಂದರೆ ಲೆಕ್ಕದ ಪುಸ್ತಕ ತೆರೆದು ತೋರಿಸಿ. 113 ದಿನ ಮುಷ್ಕರ ನಡೆದರೂ ಪುಸ್ತಕ ತೆರೆಯಲಿಲ್ಲ. 1950ರಲ್ಲಿ ಐದು ವರ್ಷದ ದೊಡ್ಡ ಒಪ್ಪಂದವಾಯಿತು. ಪಿಂಚಣಿ, ಆಸ್ಪತ್ರೆ ಖರ್ಚು, ತುಟ್ಟಿಭತ್ಯೆ ಕೆಲಸಗಾರರಿಗೆ. ಯಾವ ಕಾರು, ಎಲ್ಲಿ, ಎಂಥದ್ದು ಎಂಬ ತೀರ್ಮಾನ ಆಡಳಿತಕ್ಕೆ. ಹಣ ತೆಗೆದುಕೊಂಡು ಮಾತಿನ ಹಕ್ಕು ಬಿಟ್ಟುಕೊಟ್ಟ ಈ ವ್ಯಾಪಾರವೇ, ನನ್ನ ಮಟ್ಟಿಗೆ, ಮುಂದಿನ ಕೇಡಿನ ಬೀಜ. ಪೈಪೋಟಿಯಿಲ್ಲದ ಕಾಲದಲ್ಲಿ ಖರ್ಚನ್ನೆಲ್ಲ ಗಿರಾಕಿಯ ತಲೆಗೆ ಕಟ್ಟಬಹುದಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಜಪಾನಿನ ಸಣ್ಣ ಕಾರುಗಳು ನುಗ್ಗಿದಾಗ ಅದು ಸಾಧ್ಯವಾಗಲಿಲ್ಲ. ಆಮೇಲೂ ಯೂನಿಯನ್ ಕೇಳಿದ್ದು ಒಳ್ಳೆಯ ಕಾರನ್ನಲ್ಲ, ಭದ್ರತೆಯನ್ನು. 1984ರ ‘ಜಾಬ್ಸ್ ಬ್ಯಾಂಕ್’ ವ್ಯವಸ್ಥೆಯಲ್ಲಿ ಕೆಲಸವಿಲ್ಲದವರು ಪದಬಂಧ ತುಂಬುತ್ತಾ ಕೂತರೂ ಹೆಚ್ಚುಕಡಿಮೆ ಪೂರ್ತಿ ಸಂಬಳ! ಇಂಧನ ಮಿತವ್ಯಯದ ನಿಯಮ ಬಿಗಿಯಾಗದಂತೆ ತಡೆಯುವಲ್ಲಿ ಮಾತ್ರ ಯೂನಿಯನ್ನೂ ಆಡಳಿತವೂ ಭಾಯಿ ಭಾಯಿ.

ಆಡಳಿತದ ಪಾಲು ಇನ್ನೂ ದೊಡ್ಡದು. ಫ್ರೀಮಾಂಟ್‌ನ ಪಾಠ ಜಿಎಂ ಮನೆಯೊಳಗೇ ಇತ್ತು. ಅದೇ ಹೊತ್ತಿಗೆ ಅಧ್ಯಕ್ಷ ರೋಜರ್ ಸ್ಮಿತ್ ರೋಬೊಗಳಿಗೆ ಸಾವಿರಾರು ಕೋಟಿ ಡಾಲರ್ ಸುರಿಯುತ್ತಿದ್ದರು. ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಕಾರ್ಖಾನೆಯಲ್ಲೂ ಹಗ್ಗ ಕಟ್ಟಿ ನೋಡಿದರು. ಮ್ಯಾನೇಜರುಗಳ ಬೋನಸ್ಸು ಗಾಡಿಯ ಎಣಿಕೆಗೆ ಅಂಟಿಕೊಂಡಿತ್ತು, ಎಳೆಯಲು ಬಿಡಲಿಲ್ಲ. ಸೀನಿಯಾರಿಟಿ ಹೋದೀತೆಂಬ ಭಯಕ್ಕೆ ಯೂನಿಯನ್ನೂ ಇಬ್ಭಾಗವಾಯಿತು. 1992ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು. 2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು.

ಹಗ್ಗ ಕಟ್ಟಿದಲ್ಲೆಲ್ಲ ರಾಮರಾಜ್ಯವೇನೂ ಇಲ್ಲ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಒಬ್ಬ ನೌಕರನ ಅಮಾನತಿನಿಂದ ಹೊತ್ತಿದ ಕಿಡಿ ಲಾಕೌಟ್‌ಗೆ ಹೋಯಿತು. ಧರಣಿ ಕಾನೂನುಬಾಹಿರ ಎಂದಿತು ಆಡಳಿತ. ತಿಂಗಳುಗಟ್ಟಲೆ ಗೇಟಿನ ಹೊರಗೆ ಕೂತವರ ಮುಖ್ಯ ತಕರಾರು ಸಂಬಳದ್ದಲ್ಲ, ಕೆಲಸದ ಹೊರೆಯದ್ದು. ಗಾಡಿಯೊಂದಕ್ಕೆ ಎಷ್ಟು ನಿಮಿಷ ಎಂದು ಗೊತ್ತುಮಾಡುವವರು ಯಾರು ಎಂಬುದರದ್ದು.